ಅರವತ್ತೊಂದನೆಯ ಕಾರ್ಡು

ಮದುವೆ ಮನೆಯಲ್ಲಿ ಊಟದ ಹಂತಿಗೆ ಕಾಯುವಾಗ, ಬಸ್ಸಿನಲ್ಲಿ ಪಕ್ಕದ ಸೀಟಿನವರು ಮಾತಿಗೆ ಸಿಕ್ಕಾಗ, ಈಗ ನನಗೆ ಎದುರಾಗುವ ಪ್ರಶ್ನೆ ಒಂದೇ. "ಹೊಸ ಸೆಟ್ ಬಂದಿತ್ತ್ ಅಂಬ್ರ್. ಹಳೇ ಡೆಕ್ ಇನ್ನ್ ಆತಿಲ್ಲೆ ಅಂತ ಮಾಣಿದ್ ಒಂದೇ ಹಟ. ಹೌದಾ ಮರ್ರೆ?" ಬೈಂದೂರಿನಲ್ಲೂ ಇದೇ, ಬ್ರಹ್ಮಾವರದಲ್ಲೂ ಇದೇ. ಪೋಕೆಮಾನ್ ಕಾರ್ಡಿನ ಬಗ್ಗೆ ಹಿಂದೊಮ್ಮೆ ಈ ಅಂಕಣದಲ್ಲಿ ಎರಡು ಸಾಲು ಬರೆದ ಮೇಲೆ ನಾನು ಈ ವಿಷಯದ ಪಂಡಿತ ಎಂಬ ಸುದ್ದಿ ಹೇಗೋ ಹಬ್ಬಿಬಿಟ್ಟಿದೆ. ಪಾಂಡಿತ್ಯವೇನೂ ಇಲ್ಲ. ಬ್ರಹ್ಮಾವರದ ಅಕ್ಕನ ಮಗ ರಜೆಗೆ ಬಂದಾಗಲೆಲ್ಲ "ಮಾವ, ಒಂದು ಆಟ" ಎಂದು ಜಗಲಿಯಲ್ಲಿ ಚಾಪೆ ಹಾಸುತ್ತಾನೆ. ಅವನ ಹತ್ತಿರ ಸೋತು ಸೋತು ಕಲಿತದ್ದಷ್ಟೇ ನನ್ನ ಬಂಡವಾಳ.

ಪ್ರಶ್ನೆಗೆ ಉತ್ತರ ಹೇಳುವ ಮೊದಲು ಅಜ್ಜ-ಅಜ್ಜಿಯರ ಒಂದು ಅನುಮಾನ ತೀರಿಸಬೇಕು. ನಮ್ಮ ಕಡೆ ಕಾರ್ಡು ಎಂದರೆ ಇಸ್ಪೀಟು, ಇಸ್ಪೀಟು ಎಂದರೆ ಅಂದರ್ ಬಾಹರ್, ಅಂದರ್ ಬಾಹರ್ ಎಂದರೆ ಮರುದಿನದ ಪೇಪರಿನಲ್ಲಿ ಪೊಲೀಸ್ ದಾಳಿಯ ಸುದ್ದಿ. ಇದು ಅದಲ್ಲ. ಇಸ್ಪೀಟಿನಲ್ಲಿ ಎಲ್ಲರೂ ಆಡುವುದು ಒಂದೇ ಕಟ್ಟಿನಲ್ಲಿ, ಅದರ 52 ಎಲೆ ಅಜ್ಜನ ಕಾಲದಲ್ಲೂ ಅಷ್ಟೇ, ಮೊಮ್ಮಗನ ಕಾಲದಲ್ಲೂ ಅಷ್ಟೇ. ಆಟಿ ತಿಂಗಳ ಚೆನ್ನೆಮಣೆಗೂ ಹೊಸ ಕಾಯಿ ಬಿಡುಗಡೆ ಮಾಡುವ ಕಂಪನಿ ಇಲ್ಲ. ಪೋಕೆಮಾನ್ ಕಾರ್ಡಾಟದಲ್ಲಿ ಹಾಗಲ್ಲ. ಆಡುವ ಇಬ್ಬರೂ ತಮ್ಮ ತಮ್ಮ ಕಟ್ಟನ್ನು, ಅಂದರೆ ಡೆಕ್ಕನ್ನು, ಮನೆಯಿಂದಲೇ ಕಟ್ಟಿಕೊಂಡು ಬರುತ್ತಾರೆ. ಸಾವಿರಾರು ಕಾರ್ಡುಗಳಲ್ಲಿ ತನಗೆ ಬೇಕಾದದ್ದನ್ನು ಆರಿಸಬಹುದು. ಆಟದ ಅರ್ಧ ಭಾಗ ಚಾಪೆಗೆ ಕೂರುವ ಮೊದಲೇ ಮುಗಿದಿರುತ್ತದೆ ಎಂದರೂ ತಪ್ಪಲ್ಲ.

ನಿಯಮ ಚುಟುಕಾಗಿ ಹೇಳುತ್ತೇನೆ. ಕಟ್ಟಿನಲ್ಲಿ ಸರಿಯಾಗಿ 60 ಕಾರ್ಡು, ಒಂದು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚು ಇರಬಾರದು, ಹೊಡೆಯಲು ಬಲ ಕೊಡುವ ಸಾದಾ ಎನರ್ಜಿ ಕಾರ್ಡಿಗೆ ಮಾತ್ರ ಈ ಮಿತಿ ಇಲ್ಲ. ಆಟ ಶುರುವಾಗುವಾಗ ಕೈಗೆ 7 ಕಾರ್ಡು. ಪ್ರೈಜ್ ಎಂದು ಇನ್ನೊಂದು 6 ಕಾರ್ಡು ಕವುಚಿ ಹಾಕಿ ಪಕ್ಕಕ್ಕಿಡಬೇಕು. ಎದುರಾಳಿಯ ಒಂದು ಪೋಕೆಮಾನ್ ಕೆಡವಿದರೆ ನಿಮ್ಮ ಪ್ರೈಜಿನಿಂದ ಒಂದು ಎತ್ತಿಕೊಳ್ಳುತ್ತೀರಿ, ಇಎಕ್ಸ್ ಎಂಬ ದೊಡ್ಡ ಪೋಕೆಮಾನ್ ಕೆಡವಿದರೆ ಎರಡು. ಆರೂ ಮೊದಲು ಮುಗಿಸಿದವರು ಗೆದ್ದರು.

ಕಂಪನಿ ವರ್ಷಕ್ಕೆ ಹಲವು ಸಲ ಹೊಸ ಸೆಟ್ ಬಿಡುತ್ತದೆ. 1996ರಲ್ಲಿ ಜಪಾನಿನಲ್ಲಿ ಶುರುವಾದ ಆಟ 1999ರಲ್ಲಿ ಇಂಗ್ಲಿಷಿಗೆ ಬಂತು, ಅಂದಿನಿಂದ ಈ ಸರಬರಾಜು ನಿಂತಿಲ್ಲ. ಆದರೆ ಅದು ನಮ್ಮೂರಿಗೆ ತಲುಪುವ ದಾರಿ ವಿಚಿತ್ರ. ಬೆಂಗಳೂರಿನಲ್ಲಿ ಹೋಟೆಲು ಇಟ್ಟಿರುವ ಚಿಕ್ಕಪ್ಪ ನವರಾತ್ರಿಗೆ ಊರಿಗೆ ಬರುವಾಗ ನಾಲ್ಕು ಪ್ಯಾಕ್ ತರುತ್ತಾರೆ. ದುಬೈಯ ಮಾವ ಒಂದು ಡಬ್ಬಿ ತರುತ್ತಾರೆ. ಕೋಟೇಶ್ವರದ ಕೋಡಿ ಹಬ್ಬದಲ್ಲಿ ದೊಡ್ಡವರು ಕಬ್ಬಿನ ಕೋಡಿ ಕೊಳ್ಳುವಾಗ ಮಕ್ಕಳು ಪಕ್ಕದ ಸಂತೆಯಲ್ಲಿ ಚಿನ್ನದ ಬಣ್ಣದ ಕಾರ್ಡಿನ ಕಟ್ಟು ಹಿಡಿದು ನಿಂತಿರುತ್ತಾರೆ. ಆ ಚಿನ್ನದ ಪ್ಲಾಸ್ಟಿಕ್ ಕಾರ್ಡುಗಳು ಅಸಲಿ ಅಲ್ಲ, ಆಟಕ್ಕೆ ಬರುವುದೂ ಇಲ್ಲ. ಕಾಗದದ ನಕಲಿಗಳನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಬೆಳಕು ಧಾರಾಳವಾಗಿ ಹಾದುಬರುತ್ತದೆ. ಅಸಲಿ ಕಾರ್ಡಿನ ನಡುವೆ ತೆಳ್ಳನೆಯ ಕಪ್ಪು ಪದರ ಇರುವುದರಿಂದ ಅಷ್ಟು ಬೆಳಕು ಬಿಡುವುದಿಲ್ಲ. ಹೀಗೆ ಯಾರೋ ತಂದದ್ದು, ಎಲ್ಲೋ ಸಿಕ್ಕಿದ್ದು ಮನೆ ತುಂಬಿದಾಗ ಮಕ್ಕಳು ಮಾಡುವುದೇನು? ಹೊಸತರಲ್ಲಿ ಹೊಳೆಯುವುದನ್ನೆಲ್ಲ ಡೆಕ್ಕಿಗೆ ತುರುಕುತ್ತಾರೆ. ಆಮೇಲೆ 60 ಮಾಡಲಿಕ್ಕೆ, ಹೊಳೆಯದ ಕಾರ್ಡುಗಳನ್ನು ಹೊರಗೆ ತೆಗೆಯುತ್ತಾರೆ. ಮುಂದಿನ ಆಟದಿಂದ ಸೋಲು ಶುರು.

ಡೆಕ್ ಹೊಸದು ಮಾಡುವುದು ಎಂದರೆ ಯಾವುದನ್ನು ಸೇರಿಸಲಿ ಎಂಬ ಪ್ರಶ್ನೆ ಅಲ್ಲವೇ ಅಲ್ಲ, ಯಾವುದನ್ನು ತೆಗೆಯಲಿ ಎಂಬ ಪ್ರಶ್ನೆ. ಅರವತ್ತೊಂದನೆಯ ಕಾರ್ಡಿಗೆ ಜಾಗವೇ ಇಲ್ಲದಿರುವುದರಿಂದ ಹೊಸಬ ಬರಬೇಕಾದರೆ ಹಳಬನೊಬ್ಬ ಏಳಲೇಬೇಕು. ಏಳುವವನು ಯಾವ ಕೆಲಸ ಮಾಡುತ್ತಿದ್ದ ಎಂದು ಮೊದಲು ನೋಡಬೇಕು.

ಇದಕ್ಕೆ ಒಂದಿಷ್ಟು ಲೆಕ್ಕ ಬೇಕು, ಬೇಸರಿಸಬೇಡಿ. 60ರ ಕಟ್ಟಿನಲ್ಲಿ ಒಂದು ಕಾರ್ಡಿನ ನಾಲ್ಕು ಪ್ರತಿ ಇಟ್ಟರೆ, ಮೊದಲ 7 ಕಾರ್ಡಿನಲ್ಲಿ ಅದು ಕೈಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 40. ಮೂರಕ್ಕೆ ಇಳಿಸಿದರೆ 31 ಚಿಲ್ಲರೆ, ಎರಡಕ್ಕೆ ಇಳಿಸಿದರೆ 22. ಒಂದೇ ಪ್ರತಿ ಇದ್ದರೆ 12 ಕೂಡ ಇಲ್ಲ. ಆ ಒಂದೇ ಪ್ರತಿ ಪ್ರೈಜಿನ ಆರರೊಳಗೆ ಹೋಗಿ ಕೂರುವ ಸಾಧ್ಯತೆ ನೂರಕ್ಕೆ 10. "ನಾಲ್ಕು ಇತ್ತ್, ಒಂದ್ ತೆಗ್ದ್ರೆ ಎಂತ ಆತ್ತ್" ಎಂದು ಮಾಣಿ ಕೇಳುತ್ತಾನಲ್ಲ, ಆಗುವುದು ಇದು. ಹೊಸ ಸೆಟ್ಟಿನ ಒಂದೊಂದೇ ಚಂದದ ಕಾರ್ಡನ್ನು ಎಂಟು ಕಡೆ ಸಿಕ್ಕಿಸಿದ ಡೆಕ್‌ನಲ್ಲಿ ಎಲ್ಲವೂ ಇರುತ್ತದೆ, ಬೇಕಾದ ಹೊತ್ತಿಗೆ ಯಾವುದೂ ಸಿಗುವುದಿಲ್ಲ.

ಅದರಲ್ಲೂ ಮೊದಲು ಕತ್ತರಿ ಬೀಳುವುದು ಚಿತ್ರ ಚಂದ ಇಲ್ಲದ ಕಾರ್ಡುಗಳಿಗೆ. ಕಾರ್ಡು ಹುಡುಕಿಕೊಡುವ ಅಲ್ಟ್ರಾ ಬಾಲ್, ಕೈ ಬದಲಿಸಿ ಕೊಡುವ ಪ್ರೊಫೆಸರ್, ಮರಿಯನ್ನು ನೇರವಾಗಿ ದೊಡ್ಡದು ಮಾಡುವ ರೇರ್ ಕ್ಯಾಂಡಿ, ಮತ್ತೆ ಬಡಪಾಯಿ ಎನರ್ಜಿ. ನಮ್ಮವರಿಗೆ ಇದನ್ನು ಯಕ್ಷಗಾನದ ಮಾತಿನಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಇವೆಲ್ಲ ಹಿಮ್ಮೇಳ. ಬಣ್ಣ ಇಲ್ಲ, ಕಿರೀಟ ಇಲ್ಲ, ಕೂತಲ್ಲೇ ಕೂತಿರುತ್ತವೆ. ಹೊಸ ವೇಷಧಾರಿ ಬಂದ ಎಂದು ಚಂಡೆಯವರನ್ನು ಎಬ್ಬಿಸಿ ಆ ಜಾಗದಲ್ಲಿ ಇನ್ನೊಂದು ವೇಷ ನಿಲ್ಲಿಸುವ ಮೇಳದ ಯಜಮಾನ ಬಡಗಿನಲ್ಲೂ ಇಲ್ಲ, ತೆಂಕಿನಲ್ಲೂ ಇಲ್ಲ. ಮಕ್ಕಳ ಡೆಕ್ಕಿನಲ್ಲಿ ಮಾತ್ರ ಇದು ದಿನಾ ನಡೆಯುತ್ತದೆ.

ಒಂದು ನಿಜವಾದ ಉದಾಹರಣೆ ತೆಗೆದುಕೊಳ್ಳೋಣ, ಏಕೆಂದರೆ ಹೊಸ ಕಾರ್ಡು ಸೇರಿಸುವುದೇ ದಂಡ ಎಂದು ನಾನು ಹೇಳುತ್ತಿಲ್ಲ. ಚಾರಿಜಾರ್ಡ್ ಇಎಕ್ಸ್ ಎಂಬ ಕಾರ್ಡು 2023ರ ಆಗಸ್ಟಿನಲ್ಲಿ ಅಬ್ಸಿಡಿಯನ್ ಫ್ಲೇಮ್ಸ್ ಎಂಬ ಸೆಟ್ಟಿನಲ್ಲಿ ಬಂತು. 330 ಜೀವ. ಮೈದಾನಕ್ಕೆ ಇಳಿಯುವಾಗಲೇ ಕಟ್ಟಿನಿಂದ ಮೂರು ಬೆಂಕಿ ಎನರ್ಜಿ ಹುಡುಕಿ ಪೋಕೆಮಾನ್‌ಗಳಿಗೆ ಅಂಟಿಸಿಕೊಡುತ್ತದೆ. ಹೊಡೆತ 180, ಜೊತೆಗೆ ಎದುರಾಳಿ ಎತ್ತಿಕೊಂಡ ಪ್ರತಿ ಪ್ರೈಜಿಗೂ 30 ಹೆಚ್ಚು. ಅದೇ ಸೆಟ್ಟಿನ ಪಿಜಿಯಾಟ್ ಇಎಕ್ಸ್ ಜೊತೆಗಿದ್ದರೆ ಪ್ರತಿ ಸರದಿಯಲ್ಲೂ ಕಟ್ಟಿನಿಂದ ಬೇಕಾದ ಒಂದು ಕಾರ್ಡು ತೆಗೆಯಬಹುದು. ಈ ಜೋಡಿಯನ್ನು ನೆಚ್ಚಿಕೊಂಡವರು ಲೋಕದ ತುಂಬ ಇದ್ದರು, ಬ್ರಹ್ಮಾವರದಲ್ಲೂ ಒಬ್ಬನಿದ್ದ. ಇದರ ಒಂದೇ ಕೊರತೆ ಆಟದ ಆರಂಭದಲ್ಲಿ. ಎದುರಾಳಿ ಇನ್ನೂ ಒಂದು ಪ್ರೈಜೂ ಎತ್ತಿಲ್ಲದಿದ್ದಾಗ 180ರ ಹೊಡೆತಕ್ಕೆ ಹೆಚ್ಚಿನ ದೊಡ್ಡ ಪೋಕೆಮಾನ್‌ಗಳು ಬೀಳುವುದಿಲ್ಲ.

ಒಂದು ವರ್ಷ ಕಳೆದು, 2024ರ ಆಗಸ್ಟಿನಲ್ಲಿ ಶ್ರೌಡೆಡ್ ಫೇಬಲ್ ಸೆಟ್ ಬಂತು. ಅದರಲ್ಲಿ ಡಸ್ಕ್‌ನಾಯರ್ ಎಂಬ ಭೂತ. ಅದರ ಗುಣ ವಿಚಿತ್ರ. ತಾನು ಸತ್ತು ಎದುರಿನ ಯಾವುದಾದರೂ ಒಂದು ಪೋಕೆಮಾನ್ ಮೇಲೆ 130 ಏಟು ಹಾಕುತ್ತದೆ. ಸತ್ತದ್ದಕ್ಕೆ ಎದುರಾಳಿಗೆ ಒಂದು ಪ್ರೈಜ್ ಸಿಗುತ್ತದೆ. ಮೇಲ್ನೋಟಕ್ಕೆ ನಷ್ಟದ ವ್ಯಾಪಾರ. ಆದರೆ ಲೆಕ್ಕ ಹಾಕಿ ನೋಡಿ. ಎದುರಾಳಿ ಒಂದು ಪ್ರೈಜ್ ಎತ್ತಿದ ಕೂಡಲೇ ಚಾರಿಜಾರ್ಡಿನ ಹೊಡೆತ 210 ಆಯಿತು. 130ಕ್ಕೆ 210 ಕೂಡಿಸಿದರೆ 340. ಎದುರಿಗೆ ನಿಂತ 330 ಜೀವದ ಇನ್ನೊಂದು ಚಾರಿಜಾರ್ಡು ಒಂದೇ ಸರದಿಯಲ್ಲಿ ನೆಲಕ್ಕೆ. ಒಂದು ಪ್ರೈಜ್ ಕೊಟ್ಟು ಎರಡು ಪ್ರೈಜ್ ಪಡೆದ ಹಾಗಾಯಿತು. ಡೆಕ್ಕಿಗೆ ಹೊಸ ಕಾರ್ಡು ಸೇರಿಸಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಹೊಸ ಕಾರ್ಡು ಸ್ವತಃ ಎಷ್ಟು ಬಲಶಾಲಿ ಎಂಬುದು ಇಲ್ಲಿ ಮುಖ್ಯವಾಗಲಿಲ್ಲ, ಹಳೆಯ ಡೆಕ್ ಎಲ್ಲಿ ಕುಂಟುತ್ತಿತ್ತೋ ಅಲ್ಲಿಗೇ ಅದು ಊರುಗೋಲಾಯಿತು.

ಇನ್ನು ಜಾಗದ ಪ್ರಶ್ನೆ. ಡಸ್ಕ್‌ನಾಯರ್ ಒಂದೇ ಬಂದು ಕೂರುವುದಿಲ್ಲ. ಅದರ ಮರಿ ಡಸ್ಕಲ್, ನಡುವಿನ ಡಸ್ಕ್ಲಾಪ್ಸ್ ಎಲ್ಲ ಬೇಕು, ಒಟ್ಟು ನಾಲ್ಕೈದು ಕಾರ್ಡು. ನಮ್ಮ ಮಾಣಿ ತೆಗೆದದ್ದು ಬೆಂಕಿ ಎನರ್ಜಿಯನ್ನು. "ಚಾರಿಜಾರ್ಡೇ ಹುಡುಕಿ ತರ್ತದಲ್ಲ ಮಾವ, ಅಷ್ಟು ಯಾಕೆ?" ಎಂಬುದು ಅವನ ವಾದ. ಚಾರಿಜಾರ್ಡು ಹುಡುಕುವುದು ಕಟ್ಟಿನಲ್ಲಿ ಉಳಿದ ಎನರ್ಜಿಯನ್ನು. ಉಳಿಸಿದ ಮೂರರಲ್ಲಿ ಎರಡು ಪ್ರೈಜಿನಲ್ಲಿ ಸಿಕ್ಕಿಬಿದ್ದ ದಿನ ಅವನ ಚಾರಿಜಾರ್ಡು ಮೈದಾನಕ್ಕೆ ಬಂದು ಸುಮ್ಮನೆ ನಿಂತಿತು. ಬದಲಿಗೆ ತೆಗೆಯಲು ಅವನ ಡೆಕ್ಕಿನಲ್ಲಿ ಇನ್ನೆರಡು ದೊಡ್ಡ ಹೊಡೆತದ ಪೋಕೆಮಾನ್ ಇದ್ದವು, ಯಾವ ಆಟದಲ್ಲೂ ಮೈದಾನಕ್ಕೆ ಇಳಿಯದವು. ಚಿಕ್ಕಪ್ಪ ತಂದದ್ದೆಂಬ ಪ್ರೀತಿಗೆ ಉಳಿದುಕೊಂಡಿದ್ದವು. ಅವು ಎದ್ದ ಮೇಲೆ ಡೆಕ್ ಸರಿಹೋಯಿತು, ನಾನು ಮತ್ತೆ ಸೋಲತೊಡಗಿದೆ.

"ಹಳೇ ಡೆಕ್ ಆತಿಲ್ಲೆ" ಎಂಬ ಮಾಣಿಯ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದನ್ನೂ ಹೇಳಬೇಕು. ಈಚಿನ ಕಾರ್ಡುಗಳ ಕೆಳಗಿನ ಎಡ ಮೂಲೆಯಲ್ಲಿ ಸಣ್ಣ ಚೌಕದೊಳಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಸ್ಟ್ಯಾಂಡರ್ಡ್ ಎಂಬ ಪಂದ್ಯದ ಬಗೆಯಲ್ಲಿ ಯಾವ ಅಕ್ಷರದ ಕಾರ್ಡು ನಡೆಯುತ್ತದೆ ಎಂದು ಕಂಪನಿ ಕಾಲಕಾಲಕ್ಕೆ ಹೇಳುತ್ತದೆ. 2025ರ ಏಪ್ರಿಲ್ 11ಕ್ಕೆ ಎಫ್ ಅಕ್ಷರದವು ಹೊರಬಿದ್ದು, ಜಿ, ಎಚ್, ಐ ಮಾತ್ರ ಉಳಿದವು. ಚಾರಿಜಾರ್ಡ್ ಇಎಕ್ಸ್ ಜಿ ಅಕ್ಷರದ್ದಾದ್ದರಿಂದ ಆ ಸಲ ಉಳಿಯಿತು. ಆದರೆ ಅದರ ಜೊತೆಗೆ ಓಡಾಡುತ್ತಿದ್ದ ಫಾರೆಸ್ಟ್ ಸೀಲ್ ಸ್ಟೋನ್, ವಿ ಮತ್ತು ವಿಸ್ಟಾರ್ ಪೋಕೆಮಾನ್‌ಗಳು, ರೇಡಿಯಂಟ್ ಕಾರ್ಡುಗಳು ಒಟ್ಟಿಗೇ ಹೋದವು. ಇದೇನೂ ಪೋಕೆಮಾನ್‌ನವರು ಕಂಡುಹಿಡಿದದ್ದಲ್ಲ. ರಿಚರ್ಡ್ ಗಾರ್ಫೀಲ್ಡ್ ರೂಪಿಸಿ 1993ರಲ್ಲಿ ಬಂದ ಮ್ಯಾಜಿಕ್ ಎಂಬ ಕಾರ್ಡಾಟದಲ್ಲಿ ಹಳೇ ಬಲಿಷ್ಠ ಕಾರ್ಡುಗಳು ಹೊಸಬರಿಗೆ ಕೈಗೆಟುಕದಂತಾದಾಗ, 1995ರಲ್ಲೇ ಹೊಸ ಸೆಟ್ಟುಗಳಿಗೆ ಮಾತ್ರ ಬೇರೆ ಪಂದ್ಯ ಶುರುಮಾಡಿದ್ದರು. ಯು-ಗಿ-ಓ ಆಟದವರ ದಾರಿ ಬೇರೆ, ಅಲ್ಲಿ ಹಳೆಯದೆಂದು ಯಾವುದನ್ನೂ ಹೊರಹಾಕುವುದಿಲ್ಲ, ಅತಿಯಾದ ಕಾರ್ಡುಗಳ ನಿಷೇಧಪಟ್ಟಿ ಹೊರಡಿಸುತ್ತಾರೆ. ಹಳೆಯದನ್ನು ಹೊರಹಾಕುವುದರಲ್ಲಿ ಕಂಪನಿಗೆ ಲಾಭ ಇಲ್ಲವೇ? ಧಾರಾಳವಾಗಿ ಇದೆ. ಹೊಸ ಮಕ್ಕಳು ಹಳಬರ ಎದುರು ಸರಿಸಮ ಕೂರಬಹುದು ಎಂಬ ನ್ಯಾಯವೂ ಇದೆ. ಎರಡೂ ಒಟ್ಟಿಗೆ ನಿಜ.

ಮುಖ್ಯ ಮಾತು, ಈ ಅಕ್ಷರದ ಕಾಯ್ದೆ ಅಧಿಕೃತ ಪಂದ್ಯಕ್ಕೆ. ನಮ್ಮ ಜಗಲಿಗೆ ಅಲ್ಲ. ಜಿಲ್ಲಾಧಿಕಾರಿಗಳು ಮಳೆಗೆ ರಜೆ ಕೊಟ್ಟ ದಿನ ಪಕ್ಕದ ಮನೆಯ ಹುಡುಗನ ಜೊತೆ ಆಡಲಿಕ್ಕೆ ಯಾವ ಅಕ್ಷರವಾದರೂ ನಡೆಯುತ್ತದೆ, ಇಬ್ಬರೂ ಒಪ್ಪಿದರೆ ಸಾಕು. ಬೆಂಗಳೂರಿಗೋ ಬೇರೆ ಕಡೆಗೋ ಪಂದ್ಯಕ್ಕೆ ಹೋಗುವ ಯೋಚನೆ ಇದ್ದರೆ ಮಾತ್ರ ಅಕ್ಷರ ನೋಡಿ, ಜೊತೆಗೆ ಹೊಸ ಸೆಟ್ ಬಿಡುಗಡೆಯಾದ ದಿನವೇ ಪಂದ್ಯಕ್ಕೆ ನಡೆಯುವುದಿಲ್ಲ, ಸಾಮಾನ್ಯವಾಗಿ ಎರಡು ವಾರ ಕಾಯಬೇಕು ಎಂಬುದನ್ನೂ ನೆನಪಿಡಿ.

ಕಟ್ಟಿಗೆ ಹೊಸ ಎಲೆ ಸೇರಿಸುವ ಹುಚ್ಚು ನಮ್ಮ ನಾಡಿಗೆ ಹೊಸತೇನಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಈ ಹುಚ್ಚು ರಾಜಮರ್ಯಾದೆಯಲ್ಲೇ ಇತ್ತು. ಅವರ ಕಾಲಕ್ಕೆ ಗಂಜೀಫಾ ಆಟ ಬಳಕೆಯಲ್ಲಿತ್ತು. ದಶಾವತಾರದ ಕಟ್ಟಿನಲ್ಲಿ ಅವತಾರಕ್ಕೊಂದು ಬಳಗ, ಬಳಗಕ್ಕೆ ರಾಜ, ಮಂತ್ರಿ, ಒಂದರಿಂದ ಹತ್ತರವರೆಗಿನ ಎಲೆ, ಹೀಗೆ 120 ದುಂಡನೆಯ ಎಲೆಗಳು. ರಾಜರಿಗೆ ಇದು ಸಾಲಲಿಲ್ಲ. ತಮ್ಮ ಶ್ರೀತತ್ತ್ವನಿಧಿ ಎಂಬ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಚಾಮುಂಡೇಶ್ವರಿ ಛದ, ನವಗ್ರಹ ಛದ ಎಂದೆಲ್ಲ ಹೊಸ ಹೊಸ ಆಟಗಳನ್ನು ಕಟ್ಟಿದರು. ರಾಜ, ಮಂತ್ರಿ ಎರಡೇ ಇದ್ದ ಆಸ್ಥಾನದ ಎಲೆಗಳು ಹೆಚ್ಚಿದವು, ಬಳಗಗಳು ಹದಿನೆಂಟರವರೆಗೆ ಹೋದವು, ಎಲೆಗಳ ಸಂಖ್ಯೆ 360 ಮುಟ್ಟಿತು. ಚದುರಂಗದ ಕುದುರೆ ನಡೆಯನ್ನು ಲೀಲಾಜಾಲವಾಗಿ ಬಿಡಿಸುತ್ತಿದ್ದ ದೊರೆಗೆ 360 ಎಲೆ ನೆನಪಿಡುವುದು ಕಷ್ಟವಾಗಿರಲಿಕ್ಕಿಲ್ಲ. ಉಳಿದವರಿಗೆ? ಆ ಆಟಗಳು ಅರಮನೆಯ ಆಚೆ ಹಬ್ಬಲೇ ಇಲ್ಲ. ಅವರ ಕಟ್ಟಿಗೆ ಮೇಲ್ಮಿತಿ ಇರಲಿಲ್ಲ, ಸೇರಿಸುತ್ತ ಹೋದರು, ತೆಗೆಯಬೇಕಾದ ಅಗತ್ಯವೇ ಬೀಳಲಿಲ್ಲ, ಎಂದು ನನಗೆ ಅನ್ನಿಸುತ್ತದೆ. ಚಿತ್ರಕಲೆಯಾಗಿ ಮಾತ್ರ ಮೈಸೂರು ಗಂಜೀಫಾ ಉಳಿದಿದೆ, ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅದಕ್ಕೆ ಮರುಜೀವ ಕೊಟ್ಟವರಲ್ಲಿ ಮೊದಲ ಹೆಸರು ಉಡುಪಿ ಮೂಲದ ಗಂಜೀಫಾ ರಘುಪತಿ ಭಟ್ಟರದು ಎಂಬುದು ನಮ್ಮ ಜಿಲ್ಲೆಯವರಿಗೆ ಗೊತ್ತಿರಲಿ.

ಈಗ ದುಡ್ಡಿನ ಮಾತು, ತಾಯಂದಿರು ನಿಜಕ್ಕೂ ಕೇಳುವುದು ಇದನ್ನೇ. ಡೆಕ್ ಸರಿಮಾಡಲಿಕ್ಕೆ ಪ್ಯಾಕ್ ಕೊಳ್ಳುವುದು ನನ್ನ ಪ್ರಕಾರ ಅತಿ ದುಬಾರಿ ದಾರಿ. ಒಂದು ಪ್ಯಾಕ್ ಒಡೆದರೆ ಹತ್ತು ಕಾರ್ಡು, ಯಾವ ಹತ್ತು ಎಂಬುದು ಒಡೆಯುವವರೆಗೆ ಗೊತ್ತಿಲ್ಲ. ಬೇಕಾದ ಮೂರು ಕಾರ್ಡಿಗಾಗಿ ಮೂವತ್ತು ಪ್ಯಾಕ್ ಒಡೆದರೂ ಸಿಗುತ್ತದೆಂಬ ಭರವಸೆ ಇಲ್ಲ. ಪ್ಯಾಕ್ ಒಡೆಯುವ ಸುಖವೇ ಬೇರೆ, ಹುಟ್ಟಿದ ಹಬ್ಬಕ್ಕೆ ಒಂದೆರಡು ಕೊಡಿಸಿ, ಬೇಡ ಎನ್ನುವುದಿಲ್ಲ. ಡೆಕ್ಕಿಗೆ ಬೇಕಾದರೆ ಬಿಡಿ ಕಾರ್ಡು ಮಾರುವವರಿಂದ ಆ ಕಾರ್ಡನ್ನೇ ತರಿಸಿ. ಹೊಸದಾಗಿ ಶುರುಮಾಡುವ ಮಗುವಿಗೆ ಕಂಪನಿಯವರೇ 60 ಕಾರ್ಡು ಜೋಡಿಸಿ ಮಾರುವ ಸಿದ್ಧ ಡೆಕ್ ಸಾಕು. ಅದನ್ನೇ ನಾಲ್ಕಾರು ತಿಂಗಳು ಆಡಿದರೆ ಎಲ್ಲಿ ಕುಂಟುತ್ತದೆ ಎಂದು ತಾನೇ ಕಂಡುಕೊಳ್ಳುತ್ತದೆ.

ತರಿಸುವ ಮೊದಲು ಇನ್ನೊಂದು ಉಪಾಯ. ಬೇಕೆನಿಸಿದ ಹೊಸ ಕಾರ್ಡಿನ ಹೆಸರನ್ನೂ ಗುಣವನ್ನೂ ಒಂದು ಚೀಟಿಯಲ್ಲಿ ಬರೆದು, ಹಳೇ ಕಾರ್ಡೊಂದರ ಮುಂದೆ ಇಟ್ಟು, ಎರಡನ್ನೂ ಒಂದೇ ಪ್ಲಾಸ್ಟಿಕ್ ಕವರಿಗೆ ತೂರಿಸಿ. ಪೇಟೆಯ ಶಾಸ್ತ್ರಿ ಸರ್ಕಲ್ಲಿನ ಹತ್ತಿರ ಪ್ರಿಂಟ್ ತೆಗೆಸಿದರೂ ಆಯಿತು. ಅಧಿಕೃತ ಪಂದ್ಯದಲ್ಲಿ ಇಂಥ ಚೀಟಿ ನಡೆಯುವುದಿಲ್ಲ, ಮನೆಯಲ್ಲಿ ಪರೀಕ್ಷೆಗೆ ಧಾರಾಳ ನಡೆಯುತ್ತದೆ. ಕೆಲವು ಆಟ ಆಡಲಿ. ಪ್ರತಿ ಆಟದಲ್ಲೂ ಆ ಚೀಟಿ ಕೈಗೆ ಬಂದಾಗ "ಸದ್ಯ, ಬಂತು" ಅನ್ನಿಸಿತೋ, "ಥೋ, ಇದು ಈಗ ಯಾಕೆ" ಅನ್ನಿಸಿತೋ ಎಂದು ಗುರುತು ಹಾಕಿಕೊಳ್ಳಲಿ. ಥೋ ಹೆಚ್ಚಾದರೆ ಆ ಕಾರ್ಡಿನ ದುಡ್ಡು ಉಳಿಯಿತು. ಒಮ್ಮೆಗೆ ಹತ್ತು ಬದಲಾವಣೆ ಮಾತ್ರ ಮಾಡಬೇಡಿ, ಗೆದ್ದದ್ದು ಯಾವುದರಿಂದ, ಸೋತದ್ದು ಯಾವುದರಿಂದ ಎಂದು ತಿಳಿಯುವುದೇ ಇಲ್ಲ.

ಎದುರಿಗೆ ಯಾರು ಕೂರುತ್ತಾರೆ ಎಂಬುದನ್ನೂ ಮರೆಯಬಾರದು. 2024ರ ಆಗಸ್ಟಿನಲ್ಲಿ ಹೊನೊಲುಲುವಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ಚಿಲಿ ದೇಶದ ಫರ್ನಾಂಡೊ ಸಿಫುಯೆಂಟೆಸ್ ನೆಚ್ಚಿಕೊಂಡದ್ದು ಐರನ್ ಥಾರ್ನ್ಸ್ ಎಂಬ ಕಾರ್ಡನ್ನು. ಅದು ಮುಂದೆ ನಿಂತಿರುವಷ್ಟು ಹೊತ್ತು ಇಎಕ್ಸ್‌ನಂಥ ದೊಡ್ಡ ಪೋಕೆಮಾನ್‌ಗಳ ವಿಶೇಷ ಗುಣಗಳೇ ನಡೆಯುವುದಿಲ್ಲ. ಎಲ್ಲರೂ ಅಂಥ ಗುಣಗಳನ್ನೇ ನಂಬಿ ಡೆಕ್ ಕಟ್ಟಿದ್ದ ಕಾಲದಲ್ಲಿ ಅದು ಫಲ ಕೊಟ್ಟಿತು. ನಿಮ್ಮ ಮಾಣಿ ಆಡುವುದು ಹೊನೊಲುಲುವಿನಲ್ಲಲ್ಲ. ಬೈಂದೂರಿನ ಅವನ ಗೆಳೆಯನ ಹತ್ತಿರ ಇರುವ ಡೆಕ್ ಯಾವುದು, ಅದಕ್ಕೆ ಎದುರಾಗಿ ಏನು ಬೇಕು ಎಂದು ನೋಡಿದರೆ ಸಾಕು.

ತೆಗೆದ ಕಾರ್ಡುಗಳನ್ನು ಗುಜರಿಗೆ ಹಾಕುವ ಮನೆಗಳಿವೆ, ತಡೆಯಿರಿ. ಹಳೇ ಅಕ್ಷರದ ಕಾರ್ಡು ಅದೇ ಹೆಸರಿನಲ್ಲಿ, ಅದೇ ಗುಣದೊಂದಿಗೆ ಹೊಸ ಅಕ್ಷರದಲ್ಲಿ ಮತ್ತೆ ಅಚ್ಚಾದರೆ, ನಿಮ್ಮ ಹತ್ತಿರ ಇರುವ ಹಳೇ ಪ್ರತಿಯೂ ಪಂದ್ಯಕ್ಕೆ ಸಲ್ಲುತ್ತದೆ. ರೇರ್ ಕ್ಯಾಂಡಿ, ಅಲ್ಟ್ರಾ ಬಾಲ್, ಸ್ವಿಚ್ ಹೀಗೆ ಮತ್ತೆ ಮತ್ತೆ ಅಚ್ಚಾಗುತ್ತ ಬಂದಿವೆ. ಸಾದಾ ಎನರ್ಜಿಗೆ ಅಕ್ಷರದ ಕಾಟವೇ ಇಲ್ಲ. ಚಿಕ್ಕಪ್ಪ ತಂದ ಹೊಳೆಯುವ ಕಾರ್ಡನ್ನು ಬೇಕಾದರೆ ಬೈಂದೂರಿನ ಗೆಳೆಯನಿಗೆ ಕೊಟ್ಟು ಬದಲಿಗೆ ಬೇರೆ ತೆಗೆದುಕೊಳ್ಳಲಿ, ರೇರ್ ಕ್ಯಾಂಡಿ ನಾಲ್ಕನ್ನು ಮಾತ್ರ ಯಾರು ಕೇಳಿದರೂ ಕೊಡುವುದು ಬೇಡ.